ರೇಡ್ ಕಾರ್ಡ್ ಹಾಕಿದರೆ 32 ಜಿಬಿ ರ‍್ಯಾಮ್ 16 ಆಗುತ್ತದೆ, ತೆಗೆದರೆ ಸರಿ ಹೋಗುತ್ತದೆ

ಬೆಟಗೇರಿ_ಪ್ರೆಸ್

ಎಲ್ಲರಿಗೂ ನಮಸ್ಕಾರ. ಗದಗಿನಲ್ಲಿ ನಮ್ಮದು ಆಫ್‌ಸೆಟ್ ಪ್ರೆಸ್. ಕ್ಯಾಲೆಂಡರ್, ಲಗ್ನಪತ್ರಿಕೆ, ಪುಸ್ತಕ ಎಲ್ಲದರ ಡಿಸೈನ್ ಫೈಲುಗಳೂ ಒಂದು ಟವರ್ ಸರ್ವರ್‌ನಲ್ಲಿವೆ. ಕ್ಸಿಯಾನ್ ಇ3-1200 ವಿ3 ಸಾಲಿನ ಪ್ರೊಸೆಸರ್, 8 ಜಿಬಿಯ ನಾಲ್ಕು ಡಿಡಿಆರ್3 ಇಸಿಸಿ (ತಪ್ಪು ತಿದ್ದಿಕೊಳ್ಳುವ) ರ‍್ಯಾಮ್, ಓಎಸ್ ಡೆಬಿಯನ್, ಮೇಲೆ ಫೈಲ್ ಹಂಚುವ ಸಾಂಬಾ. ಹಳೆಯದಾದರೂ ಇಷ್ಟು ದಿನ ಮಾತಾಡದೆ ಕೆಲಸ ಮಾಡಿದೆ.

ಡಿಸ್ಕ್ ತುಂಬುತ್ತಾ ಬಂತು. ಬೋರ್ಡಿನಲ್ಲಿ ಸಾಟಾ ಪೋರ್ಟ್ ಖಾಲಿ ಇಲ್ಲ. ಅದಕ್ಕೆ ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಒಂದು ಸೆಕೆಂಡ್ ಹ್ಯಾಂಡ್ ರೇಡ್ ಕಾರ್ಡ್, ಅಂದರೆ ಹೆಚ್ಚು ಡಿಸ್ಕ್ ಜೋಡಿಸುವ ಕಾರ್ಡ್, ತರಿಸಿದೆ. ಯಾವುದೋ ರ‍್ಯಾಕ್ ಸರ್ವರ್‌ನಿಂದ ಬಿಚ್ಚಿದ್ದು ಅಂದರು. ಹಾಕಿ ಆನ್ ಮಾಡಿದರೆ ಬಯಾಸ್ (ಓಎಸ್‌ಗಿಂತ ಮೊದಲು ಓಡುವ ಸಾಫ್ಟ್‌ವೇರ್) 32ರ ಬದಲು 16 ಜಿಬಿ ತೋರಿಸುತ್ತದೆ. ಕೆಲವು ಸಲ ಬೀಪ್ ಹೊಡೆದು ಅಲ್ಲೇ ನಿಲ್ಲುತ್ತದೆ. ಕಾರ್ಡ್ ತೆಗೆದರೆ ಮತ್ತೆ 32.

ಇಲ್ಲಿನ ಅಂಗಡಿಯವರು "ರ‍್ಯಾಮ್ ಹೋಗಿದೆ, ನಾಲ್ಕೂ ಬದಲಾಯಿಸಿ" ಅಂತಾರೆ. ಈಗಿನ ರ‍್ಯಾಮ್ ಬೆಲೆ ನಿಮಗೆ ಗೊತ್ತೇ ಇದೆ. ಯಾರಾದರೂ ಸ್ವಲ್ಪ ದಾರಿ ತೋರಿಸ್ರಿ.

ಎಸ್ಪಿರೋಡ್ ಸುತ್ತಾಟ

ಗುರು, ಮೊದಲು ರ‍್ಯಾಮ್ ಎಲ್ಲ ತೆಗೆದು ರಬ್ಬರ್ ಹಾಕಿ ಉಜ್ಜಿ. ಪೆನ್ಸಿಲ್ ಅಳಿಸೋ ಬಿಳಿ ರಬ್ಬರ್. ಆಮೇಲೆ ಟಕ್ ಅನ್ನೋ ಹಾಗೆ ಕೂರಿಸಿ. ನೂರಕ್ಕೆ ಎಂಬತ್ತು ಕೇಸ್ ಅಲ್ಲೇ ಮುಗಿಯುತ್ತದೆ. ಅದಾಗಲಿಲ್ಲ ಅಂದರೆ ಅಂಗಡಿಯವರು ಹೇಳಿದ್ದೇ ಸರಿ.

ಕರಾವಳಿ ರಿಪೇರಿ

ಬೇಡ ಮಾರಾಯ್ರೇ, ರಬ್ಬರ್ ಬೇಡ!

ಈ ರಬ್ಬರ್ ಉಪಾಯ ಯಾರು ಶುರು ಮಾಡಿದರೋ ಗೊತ್ತಿಲ್ಲ, ರಾಜ್ಯ ಪೂರ್ತಿ ಹಬ್ಬಿದೆ. ರ‍್ಯಾಮ್ ಅಂಚಿನಲ್ಲಿ ಇರುವುದು ಚಿನ್ನದ ತೆಳು ಲೇಪ. ಕೂದಲಿಗಿಂತಲೂ ಎಷ್ಟೋ ಪಾಲು ತೆಳು. ಅದರ ಕೆಳಗೆ ನಿಕ್ಕೆಲ್, ಅದರ ಕೆಳಗೆ ತಾಮ್ರ. ರಬ್ಬರ್‌ನಲ್ಲಿ ಸಣ್ಣ ಅರದ ಪುಡಿ ಇರುತ್ತದೆ. ಉಜ್ಜಿದಷ್ಟೂ ಚಿನ್ನ ಸವೆಯುತ್ತದೆ. ಆಗ ಹೊಳಪು ಬಂತು ಅಂತ ಖುಷಿ. ನಮ್ಮ ಕಡೆಯ ಉಪ್ಪುಗಾಳಿಗೆ ಅದೇ ರ‍್ಯಾಮ್ ಮತ್ತೊಂದು ಮಳೆಗಾಲದಲ್ಲಿ ಹಸಿರು ಹಿಡಿದು ವಾಪಸ್ ನನ್ನ ಮೇಜಿಗೆ ಬರುತ್ತದೆ. ಇನ್ನು ಉದುರಿದ ರಬ್ಬರ್ ಚೂರು ಸ್ಲಾಟಿನೊಳಗೆ ಬಿದ್ದರೆ ತೆಗೆಯುವವರು ಯಾರು?

ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ. 99 ಪರ್ಸೆಂಟ್ ಅಂತ ಬರೆದದ್ದು. ನೂಲು ಬಿಡದ ಬಟ್ಟೆಗೆ ಸ್ವಲ್ಪ ಹಾಕಿ, ಅಂಚಿನ ಕಡೆಗೆ ಒಂದೇ ದಿಕ್ಕಿನಲ್ಲಿ ಒರೆಸಿ. ಒಣಗಲು ಬಿಡಿ. ಅಷ್ಟೇ.

ಎಸ್ಪಿರೋಡ್ ಸುತ್ತಾಟ

ಹದಿನೈದು ವರ್ಷದಿಂದ ಉಜ್ಜುತ್ತಿದ್ದೇನೆ, ಒಂದು ರ‍್ಯಾಮೂ ನನ್ನ ಮೇಲೆ ಕಂಪ್ಲೇಂಟ್ ಕೊಟ್ಟಿಲ್ಲ 😄 ಆದರೂ ಕರಾವಳಿಯ ಕಥೆ ಬೇರೆ ಇರಬಹುದು, ಒಪ್ಪುತ್ತೇನೆ.

ರ‍್ಯಾಕ್‌ಹಿಂದೆ

ಇಬ್ಬರೂ ಸ್ವಲ್ಪ ನಿಲ್ಲಿ. ಕಾರ್ಡ್ ತೆಗೆದರೆ ನಾಲ್ಕೂ ರ‍್ಯಾಮ್ ಕಾಣುತ್ತವೆ ಅಂದಮೇಲೆ ರ‍್ಯಾಮಿನ ಕಾಂಟ್ಯಾಕ್ಟ್ ಮೇಲೆ ಯಾಕೆ ಅನುಮಾನ? ನನಗೆ ಬೇರೆ ಸಂಶಯ ಇದೆ. ಮೊದಲು ಇಷ್ಟು ಹೇಳಿ:

ಬಯಾಸ್‌ನಲ್ಲಿ ಯಾವ ಎರಡು ಸ್ಲಾಟ್ ಖಾಲಿ ಅಂತ ಬರುತ್ತದೆ? ಪ್ರತಿ ಸಲ ಅವೇ ಸ್ಲಾಟಾ, ಬದಲಾಗುತ್ತವಾ? ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿ ನೋಡಿದ್ರಾ? ಆ ಸ್ಲಾಟಿಗೆ ಬೇರೆ ಯಾವುದಾದರೂ ಕಾರ್ಡ್, ಉದಾಹರಣೆಗೆ ಒಂದು ನೆಟ್‌ವರ್ಕ್ ಕಾರ್ಡ್ ಹಾಕಿದರೆ ಏನಾಗುತ್ತದೆ? ಬೋರ್ಡಿನಲ್ಲಿ ಐಪಿಎಂಐ (ಸರ್ವರ್ ಮೇಲೆ ಕಣ್ಣಿಡುವ ವ್ಯವಸ್ಥೆ) ಇದ್ದರೆ ಅದರ ಈವೆಂಟ್ ಲಾಗ್ ಏನು ಹೇಳುತ್ತದೆ?

ಇನ್ನೊಂದು ಮಾತು. ಕಾರ್ಡ್ ತೆಗೆಯುವಾಗ ಹಾಕುವಾಗ ಪವರ್ ಬಟನ್ ಆಫ್ ಮಾಡಿದರೆ ಸಾಲದು. ಸರ್ವರ್ ಆಫ್ ಇದ್ದರೂ ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ 3.3 ವೋಲ್ಟ್ ಸ್ಟ್ಯಾಂಡ್‌ಬೈ ಹರಿಯುತ್ತಿರುತ್ತದೆ. ಪವರ್ ಕೇಬಲ್ ಕೀಳಿ. ಆಮೇಲೆ ಪವರ್ ಬಟನ್ ಒಂದೆರಡು ಸಲ ಒತ್ತಿ. ಬೋರ್ಡ್ ಮೇಲಿನ ಪುಟ್ಟ ಎಲ್‌ಇಡಿ ಪೂರ್ತಿ ಆರಿದ ಮೇಲೆ ಕೈ ಹಾಕಿ.

ಹೊಸಬ_64

ನನಗೆ ತಿಳಿದ ಮಟ್ಟಿಗೆ 32 ಜಿಬಿ 16 ಆದರೆ ಮೆಮೊರಿ ಮಿರರಿಂಗ್ ಆನ್ ಆಗಿರುತ್ತದೆ. ಒಂದೇ ಡೇಟಾವನ್ನು ಎರಡು ಕಡೆ ಬರೆಯುತ್ತದೆ, ಹಾಗಾಗಿ ಅರ್ಧ ಕಾಣುತ್ತದೆ. ಅದಲ್ಲದಿದ್ದರೆ ಓಎಸ್ 32 ಬಿಟ್ ಇರಬಹುದಾ?

ರ‍್ಯಾಕ್‌ಹಿಂದೆ

@ಹೊಸಬ_64 ಒಳ್ಳೆಯ ಊಹೆ. ದೊಡ್ಡ ಸರ್ವರ್ ಆಗಿದ್ದರೆ ನಾನೂ ಮೊದಲು ಅದನ್ನೇ ನೋಡುತ್ತಿದ್ದೆ. ಆದರೆ ಮಿರರಿಂಗ್ ಇರುವುದು ಇ5, ಇ7 ತರಹದ ಪ್ರೊಸೆಸರ್‌ಗಳಲ್ಲಿ. ಇ3ಯಲ್ಲಿ ಇಲ್ಲ. ಬಯಾಸ್ ಪರದೆಯಲ್ಲೇ 16 ಬರುತ್ತಿರುವುದರಿಂದ ಓಎಸ್ ಲೆಕ್ಕಕ್ಕೇ ಬರುವುದಿಲ್ಲ.

ಓಎಸ್ ಮಿತಿ ಬೇರೆ ಕಡೆ ಕಾಡುತ್ತದೆ. ವಿಂಡೋಸ್ ಸರ್ವರ್ 2008 ಆರ್2 ಸ್ಟ್ಯಾಂಡರ್ಡ್ 32 ಜಿಬಿಗಿಂತ ಮೇಲೆ ಬಳಸುವುದೇ ಇಲ್ಲ. ಹಳೇ ಆಫೀಸುಗಳಲ್ಲಿ ಅದನ್ನೇ ಇಟ್ಟುಕೊಂಡು, 64 ಜಿಬಿ ಹಾಕಿಸಿ, "ರ‍್ಯಾಮ್ ಡೂಪ್ಲಿಕೇಟ್" ಅಂತ ಅಂಗಡಿಯವರ ಜೊತೆ ಜಗಳ ಆಡಿದವರನ್ನು ನೋಡಿದ್ದೇನೆ.

ಬೆಟಗೇರಿ_ಪ್ರೆಸ್

ಸರ್, ನೀವು ಹೇಳಿದ್ದೆಲ್ಲ ನೋಡಿದೆ. ಖಾಲಿ ಅಂತ ಬರುವುದು ಎ2 ಮತ್ತು ಬಿ2. ಹೆಚ್ಚಿನ ಸಲ ಅವೇ. ಒಂದು ಸಲ ಮಾತ್ರ ಬಿ2 ಒಂದೇ ಮಾಯ ಆಗಿ 24 ಜಿಬಿ ತೋರಿಸಿತು. ಕಾರ್ಡನ್ನು ಕೆಳಗಿನ ಸ್ಲಾಟಿಗೆ ಹಾಕಿದರೂ ಅದೇ ಕಥೆ. ಒಂದು ನೆಟ್‌ವರ್ಕ್ ಕಾರ್ಡ್ ಎರವಲು ತಂದು ಹಾಕಿದೆ. ಎರಡೂ ಸ್ಲಾಟಿನಲ್ಲಿ 32 ಜಿಬಿ ಸರಿಯಾಗಿ ಬಂತು. ಈವೆಂಟ್ ಲಾಗ್‌ನಲ್ಲಿ ಮೆಮೊರಿ ಬಗ್ಗೆ ಒಂದು ಸಾಲೂ ಇಲ್ಲ.

ಕೇಸ್ ತೆರೆದಾಗ ಒಳಗೆಲ್ಲ ಬಿಳಿ ಪುಡಿ. ನಮ್ಮ ಆಫ್‌ಸೆಟ್ ಮಷಿನ್ನಿನಲ್ಲಿ ಶಾಯಿ ಮೇಲೆ ಬೀಳುವ ಹಾಳೆಗೆ ಹತ್ತದಿರಲಿ ಅಂತ ಸ್ಪ್ರೇ ಪೌಡರ್ ಹೊಡೆಯುತ್ತೇವಲ್ಲ, ಅದೇ. ಪಿಷ್ಟದ ಪುಡಿ. ಕಾಗದದ ಧೂಳಿನ ಜೊತೆ ಸೇರಿ ಹೀಟ್‌ಸಿಂಕ್ ಮೇಲೆ ಹಿಟ್ಟಿನ ಹಾಗೆ ಕೂತಿದೆ. ಅದೇ ಕಾರಣ ಇರಬಹುದಾ?

ರ‍್ಯಾಕ್‌ಹಿಂದೆ

ಪುಡಿ ತೆಗೆಯಲೇಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ, ತಿರುಗಿದರೆ ಬೇರಿಂಗ್ ಹೋಗುತ್ತದೆ. ಆದರೆ ನಿಮ್ಮ ತೊಂದರೆಗೆ ಪುಡಿ ಕಾರಣ ಅಲ್ಲ. ನೀವು ಬರೆದದ್ದು ಓದಿದ ಮೇಲೆ ನನಗೆ ಹೆಚ್ಚುಕಡಿಮೆ ಖಾತ್ರಿ ಆಯಿತು. ಇದು ರ‍್ಯಾಮಿನ ತೊಂದರೆಯೇ ಅಲ್ಲ. ಎಸ್‌ಎಂ ಬಸ್ ಗೊಂದಲ.

ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪ್ರತಿ ರ‍್ಯಾಮ್ ಮೇಲೂ ಮೆಮೊರಿ ಚಿಪ್‌ಗಳ ನಡುವೆ ಎಂಟು ಕಾಲಿನ ಒಂದು ಪುಟ್ಟ ಚಿಪ್ ಇದೆ. ಅದಕ್ಕೆ ಎಸ್‌ಪಿಡಿ ಅಂತಾರೆ. ಈ ರ‍್ಯಾಮ್ ಎಷ್ಟು ಜಿಬಿ, ಎಷ್ಟು ವೇಗ, ಎಷ್ಟು ವೋಲ್ಟ್ ಎಲ್ಲ ಅದರಲ್ಲಿ ಬರೆದಿರುತ್ತದೆ. ಆನ್ ಆದ ಕೂಡಲೇ ಬಯಾಸ್ ಮಾಡುವ ಮೊದಲ ಕೆಲಸಗಳಲ್ಲಿ ಇದೂ ಒಂದು: ಎಸ್‌ಎಂ ಬಸ್ ಅನ್ನುವ ಎರಡು ತಂತಿಯ ಮೇಲೆ ಒಂದೊಂದೇ ಎಸ್‌ಪಿಡಿಯನ್ನು ಕರೆದು ಓದುವುದು. ಒಂದು ತಂತಿ ಕ್ಲಾಕ್, ಇನ್ನೊಂದು ಡೇಟಾ. ಎಸ್‌ಪಿಡಿಗಳ ವಿಳಾಸ ಹೆಕ್ಸ್ 50ರಿಂದ 57ರವರೆಗೆ. ಉತ್ತರ ಬಂದರೆ ಅಲ್ಲಿ ರ‍್ಯಾಮ್ ಇದೆ. ಬರಲಿಲ್ಲ, ಇಲ್ಲವೇ ಕಲಸಿಹೋಗಿ ಬಂತು ಅಂದರೆ ಸ್ಲಾಟ್ ಖಾಲಿ ಅಂತ ಬಯಾಸ್ ಬರೆದುಕೊಳ್ಳುತ್ತದೆ. ರ‍್ಯಾಮ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಸರಿ.

ಈಗ ತಮಾಷೆ ನೋಡಿ. ಇದೇ ಎರಡು ತಂತಿಗಳಿಗೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲೂ ಜಾಗ ಇದೆ. ಬಿ5 ಮತ್ತು ಬಿ6 ಪಿನ್. ಹೆಚ್ಚಿನ ಕಾರ್ಡ್‌ಗಳು ಅವನ್ನು ಬಳಸುವುದೇ ಇಲ್ಲ, ಅದಕ್ಕೇ ನಿಮ್ಮ ನೆಟ್‌ವರ್ಕ್ ಕಾರ್ಡ್ ಗಲಾಟೆ ಮಾಡಲಿಲ್ಲ. ಆದರೆ ದೊಡ್ಡ ಸರ್ವರ್‌ಗಳ ಜೊತೆ ಬರುವ ರೇಡ್ ಕಾರ್ಡ್‌ಗಳು ತಮ್ಮ ತಾಪಮಾನ, ಸೀರಿಯಲ್ ನಂಬರ್ ಇತ್ಯಾದಿ ಹೇಳಲು ಅದನ್ನು ಬಳಸುತ್ತವೆ. ಆ ಸರ್ವರ್‌ಗಳಲ್ಲಿ ಸ್ಲಾಟಿನ ಎಸ್‌ಎಂ ಬಸ್ಸನ್ನು ರ‍್ಯಾಮಿನ ಬಸ್ಸಿನಿಂದ ಬೇರೆ ಇಟ್ಟಿರುತ್ತಾರೆ. ನಿಮ್ಮ ಬೋರ್ಡಿನಲ್ಲಿ ಎರಡೂ ಒಂದೇ ತಂತಿಯ ಮೇಲಿವೆ ಅನಿಸುತ್ತದೆ. ಬಯಾಸ್ ರ‍್ಯಾಮನ್ನು ಕರೆದರೆ ಕಾರ್ಡ್ ನಡುವೆ ಬಾಯಿ ಹಾಕುತ್ತಿದೆ. ಒಂದು ಸಲ 24, ಇನ್ನೊಂದು ಸಲ 16, ಮತ್ತೊಂದು ಸಲ ಬೀಪ್, ಎಲ್ಲದಕ್ಕೂ ಇದೇ ಕಾರಣ.

ಪರಿಹಾರ ಕೇಳಿದರೆ ನಗುತ್ತೀರಿ. ಆ ಎರಡು ಪಿನ್ ಮೇಲೆ ಟೇಪ್ ಹಚ್ಚಿ.

ಎಸ್ಪಿರೋಡ್ ಸುತ್ತಾಟ

ಸರ್ವರ್ ಕಾರ್ಡಿಗೆ ಟೇಪಾ?! ನನ್ನ ರಬ್ಬರ್‌ಗೆ ಬೈದವರು ಈಗ ಎಲ್ಲಿ ಹೋದರು?

ಕರಾವಳಿ ರಿಪೇರಿ

ಇಲ್ಲೇ ಇದ್ದೇನೆ 🙂 ಟೇಪ್ ಉಪಾಯ ನಿಜ, ನಾನೂ ಮಾಡಿದ್ದೇನೆ. ಇದು ತುಂಬ ಹಳೆಯ ವಿದ್ಯೆ. ಸೆಲ್ಲೋಟೇಪ್ ಮಾತ್ರ ಬೇಡ. ಬಿಸಿಗೆ ಅದರ ಅಂಟು ಕರಗಿ ಸ್ಲಾಟಿನೊಳಗೆ ಇಳಿಯುತ್ತದೆ. ಬಿಸಿ ತಡೆಯುವ ಕ್ಯಾಪ್ಟನ್ (Kapton) ಟೇಪ್ ಬೇಕು. ಜೇನುಬಣ್ಣದ್ದು, ಮೊಬೈಲ್ ರಿಪೇರಿಯವರ ಹತ್ತಿರ ಇರುತ್ತದೆ. ಕೆಲವರು ಉಗುರುಬಣ್ಣ ಹಚ್ಚುತ್ತಾರೆ, ಆದರೆ ಅದು ಪಕ್ಕದ ಪಿನ್ನಿಗೂ ಹರಿಯುತ್ತದೆ.

ಒಂದು ಎಚ್ಚರಿಕೆ. ಹಳೇ ರೇಡ್ ಕಾರ್ಡಿನಲ್ಲಿ ಕ್ಯಾಶ್‌ಗೆ ಬ್ಯಾಟರಿ ಇದ್ದರೆ ಒಮ್ಮೆ ನೋಡಿ. ಉಬ್ಬಿದ್ದರೆ ಬಿಚ್ಚಿ ತೆಗೆದುಬಿಡಿ, ಚುಚ್ಚಬೇಡಿ.

ರ‍್ಯಾಕ್‌ಹಿಂದೆ

ಪಿನ್ ಎಣಿಸುವುದು ಹೀಗೆ. ಕಾರ್ಡಿನ ಚಿಪ್, ಹೀಟ್‌ಸಿಂಕ್ ಇರುವ ಮುಖ ನಿಮ್ಮ ಕಡೆ ಇರಲಿ. ಅದೇ ಬಿ ಮುಖ. ಅಂಚಿನಲ್ಲಿ ಒಂದು ಸೀಳು ಕಾಣುತ್ತದೆ. ಸೀಳಿಗೂ ಲೋಹದ ಬ್ರಾಕೆಟ್ಟಿಗೂ ನಡುವೆ ಇರುವ ಚಿಕ್ಕ ಭಾಗದಲ್ಲಿ 11 ಪಿನ್ ಇವೆ. ಬ್ರಾಕೆಟ್ ಕಡೆಯಿಂದ ಎಣಿಸಿ, ಐದನೆಯದು ಮತ್ತು ಆರನೆಯದು. ಹಿಂದಿನ ಮುಖ ಮುಟ್ಟಬೇಡಿ. ಮೊದಲ ಮೂರು ಪಿನ್ ಪವರ್, ಅವನ್ನಂತೂ ಮುಚ್ಚಲೇಬಾರದು.

ಪಿನ್‌ಗಳ ನಡುವಿನ ದೂರ 1 ಮಿಲಿಮೀಟರ್. ಅಂದರೆ ಟೇಪಿನ ಅಗಲ 2 ಮಿಲಿಮೀಟರ್ ಇದ್ದರೆ ಸಾಕು. ಉದ್ದವನ್ನು ಪಿನ್ನಿನ ಮೇಲ್ಭಾಗ ದಾಟಿ ಸ್ವಲ್ಪ ಬೋರ್ಡಿನ ಮೇಲೂ ಬರುವಂತೆ ಬಿಡಿ, ಇಲ್ಲದಿದ್ದರೆ ಕಾರ್ಡ್ ಒಳಗೆ ಹೋಗುವಾಗ ಟೇಪ್ ಸುರುಳಿ ಸುತ್ತಿಕೊಳ್ಳುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ನಿಯಮದಲ್ಲಿ ಎಸ್‌ಎಂ ಬಸ್ ಕಡ್ಡಾಯ ಅಲ್ಲ, ಹಾಗಾಗಿ ಡಿಸ್ಕ್ ಓದುವ ಬರೆಯುವ ಕೆಲಸಕ್ಕೆ ಏನೂ ತೊಂದರೆ ಇಲ್ಲ.

ಟರ್ಮಿನಲ್_ಕಪ್ಪು

ಟೇಪ್ ಹಚ್ಚುವ ಮೊದಲೇ ಇದನ್ನು ಓಎಸ್‌ನಿಂದ ನೋಡಬಹುದು. 16 ಜಿಬಿಯಲ್ಲಿ ಬೂಟ್ ಆದಾಗ ಐ2ಸಿ ಟೂಲ್ಸ್ ಹಾಕಿಕೊಂಡು ಡಿಟೆಕ್ಟ್ ಕಮಾಂಡ್ ಓಡಿಸಿ, 50ರಿಂದ 57ರ ಸಾಲಿನಲ್ಲಿ ಯಾರು ಉತ್ತರ ಕೊಡುತ್ತಾರೆ ನೋಡಿ. ಕಾರ್ಡ್ ಇಲ್ಲದೆ ಇನ್ನೊಮ್ಮೆ ನೋಡಿ ಹೋಲಿಸಿ. ಆದರೆ ಅದೇ ಪ್ಯಾಕೇಜಿನ ಸೆಟ್ ಕಮಾಂಡ್ ಮುಟ್ಟಬೇಡಿ. ಎಸ್‌ಪಿಡಿ ಮೇಲೆ ತಪ್ಪು ಬೈಟ್ ಬರೆದರೆ ಆ ರ‍್ಯಾಮ್ ನಿಜವಾಗಿಯೂ ಹೋಗುತ್ತದೆ.

ಲ್ಯಾಬ್‌ಬಾಗಿಲು

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ತುಮಕೂರಿನಲ್ಲಿ ಕಾಲೇಜು ಲ್ಯಾಬ್. ನಮ್ಮದು ಎರಡು ಸಾಕೆಟ್ಟಿನ ಇ5-2600 ವಿ4 ಸರ್ವರ್. ಎರಡು ತೊಂದರೆ. ಒಂದು, ನಾಲ್ಕು ಎಂ.2 ಎಸ್‌ಎಸ್‌ಡಿ ಕೂರುವ ಅಡಾಪ್ಟರ್ ಕಾರ್ಡ್ ಹಾಕಿದರೆ ಒಂದೇ ಎಸ್‌ಎಸ್‌ಡಿ ಕಾಣುತ್ತದೆ. ಅದನ್ನೇ ಕೆಳಗಿನ ಸ್ಲಾಟಿಗೆ ಹಾಕಿದರೆ ಒಂದೂ ಇಲ್ಲ. ಎರಡು, ಪ್ರೊಸೆಸರ್ ಒಂದೇ ಹಾಕಿದ್ದೇವೆ, ಅದರ ಎಂಟು ರ‍್ಯಾಮಿನಲ್ಲಿ ಎರಡು ಯಾವಾಗಲೂ ಕಾಣುವುದಿಲ್ಲ. ರ‍್ಯಾಮ್ ಅದಲು ಬದಲು ಮಾಡಿದರೂ ಅದೇ ಸ್ಲಾಟುಗಳು. ನಮ್ಮಲ್ಲಿ ರೇಡ್ ಕಾರ್ಡ್ ಇಲ್ಲ. ಟೇಪ್ ಎಲ್ಲಿ ಹಚ್ಚಲಿ?

ಟರ್ಮಿನಲ್_ಕಪ್ಪು

ನಿಮಗೆ ಟೇಪ್ ಬೇಡ. ಅಡಾಪ್ಟರ್‌ಗೆ ಬಯಾಸ್‌ನಲ್ಲಿ ಬೈಫರ್ಕೇಶನ್ ಅಂತ ಹುಡುಕಿ. ಆ ಸ್ಲಾಟನ್ನು ಎಕ್ಸ್16ರಿಂದ (16 ಲೇನ್, ಅಂದರೆ ಡೇಟಾ ಸಾಗುವ ದಾರಿ) ಎಕ್ಸ್4, ಎಕ್ಸ್4, ಎಕ್ಸ್4, ಎಕ್ಸ್4 ಮಾಡಿ. ಅಗ್ಗದ ಅಡಾಪ್ಟರ್‌ಗಳಲ್ಲಿ ಸ್ವಿಚ್ ಚಿಪ್ ಇರುವುದಿಲ್ಲ. 16 ಲೇನನ್ನು ನಾಲ್ಕು ಭಾಗ ಮಾಡಿಕೊಡುವ ಕೆಲಸ ಬೋರ್ಡಿನದ್ದೇ.

ಕೆಳಗಿನ ಸ್ಲಾಟ್ ಕೆಲಸ ಮಾಡದಿರುವುದು ದೋಷವೇ ಅಲ್ಲ. ಈ ಪ್ರೊಸೆಸರ್‌ಗಳಲ್ಲಿ ಒಂದಕ್ಕೆ 40 ಲೇನ್. ಕೆಲವು ಸ್ಲಾಟುಗಳ ತಂತಿ ಎರಡನೇ ಪ್ರೊಸೆಸರ್‌ಗೆ ಹೋಗಿರುತ್ತದೆ. ಅದು ಇಲ್ಲ ಅಂದರೆ ಸ್ಲಾಟ್ ಸತ್ತ ಹಾಗೆ. ಮುಚ್ಚಳದ ಒಳಗೆ ಅಂಟಿಸಿರುವ ಚಿತ್ರದಲ್ಲಿ ಯಾವ ಸ್ಲಾಟ್ ಯಾರದ್ದು ಅಂತ ಬರೆದಿರುತ್ತದೆ.

ರ‍್ಯಾಕ್‌ಹಿಂದೆ

@ಲ್ಯಾಬ್‌ಬಾಗಿಲು ಎರಡನೆಯದು ನನಗೆ ಬಿಡಿ. ಆ ಎರಡು ಸ್ಲಾಟ್ ಒಂದೇ ಚಾನೆಲ್‌ನವಾ? ಈ ಪ್ರೊಸೆಸರ್‌ಗೆ ನಾಲ್ಕು ಚಾನೆಲ್, ಅಂದರೆ ರ‍್ಯಾಮಿಗೆ ಹೋಗುವ ನಾಲ್ಕು ದಾರಿ. ಎಂಟು ರ‍್ಯಾಮ್ ಅಂದರೆ ಚಾನೆಲ್‌ಗೆ ಎರಡೆರಡು. ಒಂದು ಚಾನೆಲ್ ಪೂರ್ತಿ ಮಾಯ, ರ‍್ಯಾಮ್ ಬದಲಿಸಿದರೂ ಮಾಯ ಅಂದರೆ ನೋಡಬೇಕಾದ್ದು ಪ್ರೊಸೆಸರ್ ಸಾಕೆಟ್. ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗೇ ಇದೆ. ಈ ಸಾಕೆಟ್ಟಿನಲ್ಲಿ ಪಿನ್ ಇರುವುದು ಬೋರ್ಡ್ ಕಡೆ, 2011 ಪಿನ್. ಒಂದು ಸೊಟ್ಟಗಾದರೂ, ಒಂದಕ್ಕೆ ಥರ್ಮಲ್ ಪೇಸ್ಟ್ ಮೆತ್ತಿಕೊಂಡರೂ ಒಂದು ಚಾನೆಲ್ ಹೋಗಬಹುದು.

ಬಿಚ್ಚುವ ಮೊದಲು ಸುಲಭದ್ದು ಒಂದು ಮಾಡಿ. ಹೀಟ್‌ಸಿಂಕ್ ಸ್ಕ್ರೂ ನಾಲ್ಕನ್ನೂ ಸಡಿಲ ಮಾಡಿ, ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದು ಕಡೆ ಜಾಸ್ತಿ ಬಿಗಿಯಾಗಿ ಪ್ರೊಸೆಸರ್ ಓರೆ ಕೂತರೂ ಇದೇ ಲಕ್ಷಣ.

ಬೆಟಗೇರಿ_ಪ್ರೆಸ್

ಬಂತು ಸರ್, 32 ಬಂತು!!

ಸ್ಟೇಷನ್ ರೋಡಿನ ಮೊಬೈಲ್ ರಿಪೇರಿ ಹುಡುಗ ಕ್ಯಾಪ್ಟನ್ ಟೇಪ್ ಕೊಟ್ಟ, ದುಡ್ಡು ಬೇಡ ಅಂದ. ನಮ್ಮಲ್ಲಿ ಪ್ಲೇಟ್ ರಿಜಿಸ್ಟ್ರೇಷನ್ ನೋಡಲು ಲೂಪ್ ಇದೆಯಲ್ಲ, ಆ ಭೂತಗನ್ನಡಿ ಇಟ್ಟುಕೊಂಡು ಪಿನ್ ಎಣಿಸಿದೆ. ಗಾಜಿನ ಮೇಲೆ ಟೇಪ್ ಅಂಟಿಸಿ, ಸ್ಟೀಲ್ ಸ್ಕೇಲ್ ಇಟ್ಟು ಬ್ಲೇಡಿನಿಂದ 2 ಮಿಲಿಮೀಟರ್ ಪಟ್ಟಿ ಕೊಯ್ದೆ. ಚಿಮಟಿಗೆಯಲ್ಲಿ ಹಿಡಿದು ಐದು, ಆರರ ಮೇಲೆ ಕೂರಿಸಿ ಉಗುರಿನಿಂದ ಒತ್ತಿದೆ. ಏಳನೇ ಪಿನ್ನಿನ ಅಂಚು ಕಾಣುತ್ತಿದೆಯಾ ಅಂತ ಮತ್ತೆ ಲೂಪ್ ಇಟ್ಟು ನೋಡಿದೆ. ಕಾರ್ಡ್ ನೇರ ಕೆಳಗೆ ಒತ್ತಿ ಕೂರಿಸಿದೆ. ಅಲ್ಲಾಡಿಸಲಿಲ್ಲ.

ಆನ್ ಮಾಡಿದರೆ 32 ಜಿಬಿ. ಆಫ್ ಮಾಡಿ ಮತ್ತೆ ಆನ್ ಮಾಡಿದೆ, 32. ಡಿಸ್ಕುಗಳೂ ಕಂಡವು. ನಾಲ್ಕು ರ‍್ಯಾಮಿನ ದುಡ್ಡು ಉಳಿಯಿತು ನೋಡ್ರಿ.

ಎಸ್ಪಿರೋಡ್ ಸುತ್ತಾಟ

ಸೂಪರ್ ಗುರು. ಒಂದು ರೋಲ್ ಕ್ಯಾಪ್ಟನ್ ಟೇಪ್ ನಾನೂ ತಂದಿಟ್ಟುಕೊಳ್ಳುತ್ತೇನೆ. ಈ ಕಾರ್ಡ್‌ಗಳು ನಮ್ಮ ರೋಡಿನಲ್ಲಿ ರಾಶಿ ರಾಶಿ ಇವೆ, "ಇದು ನಮ್ಮ ಬೋರ್ಡಿಗೆ ಆಗಲ್ಲ" ಅಂತ ವಾಪಸ್ ತರುವವರೂ ಅಷ್ಟೇ ಜನ.

ಟರ್ಮಿನಲ್_ಕಪ್ಪು

ಅಲ್ಲಿಗೇ ಬಿಡಬೇಡಿ. ಕಾರ್ಡ್ ಸರಿಯಾಗಿ ಕೂತಿದೆಯಾ ನೋಡಲು ಎಲ್‌ಎಸ್‌ಪಿಸಿಐ ಕಮಾಂಡನ್ನು ರೂಟ್ ಆಗಿ, ಎರಡು ವಿ ಹಾಕಿ ಓಡಿಸಿ. ಲಿಂಕ್ ಸ್ಟೇಟಸ್ ಸಾಲಿನಲ್ಲಿ ವೇಗ, ಅಗಲ ಎರಡೂ ಇರುತ್ತವೆ. ಕರ್ನಲ್ ಲಾಗ್‌ನಲ್ಲಿ ಎಇಆರ್ ಅಂತ ಹುಡುಕಿ, ಅದು ಪಿಸಿಐ ಎಕ್ಸ್‌ಪ್ರೆಸ್ ತಪ್ಪುಗಳ ಲೆಕ್ಕ. ಅದರ ಜೊತೆ ಇಡ್ಯಾಕ್ ಅಂತಲೂ ಹುಡುಕಿ, ಅದು ರ‍್ಯಾಮಿನ ಇಸಿಸಿ ಲೆಕ್ಕ. ರಾಸ್‌ಡೀಮನ್ ಹಾಕಿಟ್ಟರೆ ಎರಡನ್ನೂ ಬರೆದಿಡುತ್ತದೆ.

ಬೆಟಗೇರಿ_ಪ್ರೆಸ್

ಹಾಕಿಟ್ಟೆ. ಈಗ ಖುಷಿ ಸ್ವಲ್ಪ ಇಳಿಯಿತು. ಲಿಂಕ್ ಅಗಲ ಎಕ್ಸ್4, ಪಕ್ಕದಲ್ಲಿ ಡೌನ್‌ಗ್ರೇಡೆಡ್ ಅಂತಿದೆ. ಕಾರ್ಡ್ ಎಕ್ಸ್8. ಎಇಆರ್‌ನಲ್ಲಿ ಬ್ಯಾಡ್ ಟಿಎಲ್‌ಪಿ ಅಂತ ಆಗಾಗ ಬರುತ್ತದೆ, ಕರೆಕ್ಟೆಡ್ ಅಂತಲೂ ಬರೆದಿದೆ. ಇಡ್ಯಾಕ್‌ನಲ್ಲಿ ಎ1ರ ಸಿಇ (ಸರಿ ಮಾಡಿದ ತಪ್ಪು) ಎಣಿಕೆ ದಿನಾ ಏರುತ್ತಿದೆ. ಮೆಮ್‌ಟೆಸ್ಟ್ ರಾತ್ರಿ ಪೂರ್ತಿ ಓಡಿಸಿದೆ, ಒಂದು ಎರರೂ ಇಲ್ಲ. ಯಾವುದನ್ನು ನಂಬಲಿ?

ರ‍್ಯಾಕ್‌ಹಿಂದೆ

ಇಡ್ಯಾಕ್ ನಂಬಿ. ಇಸಿಸಿ ರ‍್ಯಾಮಿನಲ್ಲಿ ಪ್ರತಿ 64 ಬಿಟ್ ಡೇಟಾಕ್ಕೆ 8 ಬಿಟ್ ಜಾಸ್ತಿ ಇಟ್ಟಿರುತ್ತಾರೆ. ಒಂದು ಬಿಟ್ ತಪ್ಪಿದರೆ ಕಂಟ್ರೋಲರ್ ತಾನೇ ಸರಿ ಮಾಡಿ ಮುಂದೆ ಕಳಿಸುತ್ತದೆ. ಎರಡು ತಪ್ಪಿದರೆ ಸರಿ ಮಾಡಲು ಆಗುವುದಿಲ್ಲ, ತಪ್ಪಾಗಿದೆ ಅಂತ ಮಾತ್ರ ಹೇಳುತ್ತದೆ. ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಲೆಕ್ಕದ ಮೇಲೆ ನಿಂತಿರುವ ವಿದ್ಯೆ ಇದು. ಮೆಮ್‌ಟೆಸ್ಟ್‌ಗೆ ಸಿಗುವುದು ಸರಿ ಮಾಡಿದ ಮೇಲಿನ ಡೇಟಾ. ಇಸಿಸಿ ಎಣಿಕೆಯನ್ನು ಬೇರೆಯಾಗಿ ಓದದಿದ್ದರೆ ಅದಕ್ಕೆ ಒಂದು ಬಿಟ್ಟಿನ ತಪ್ಪು ಕಾಣುವುದೇ ಇಲ್ಲ. ಸೊನ್ನೆ ಎರರ್ ಅಂದರೆ ರ‍್ಯಾಮ್ ಚೆನ್ನಾಗಿದೆ ಅಂತಲ್ಲ.

ಒಂದೆರಡು ಸಿಇ ಬಂದು ನಿಂತರೆ ಬಿಟ್ಟುಬಿಡಿ, ಕಾಸ್ಮಿಕ್ ಕಿರಣ ಅಂತ ಹೆಸರಿಟ್ಟು ಮಲಗಿ. ದಿನಾ ಒಂದೇ ಕಡೆ ಏರುತ್ತಿದ್ದರೆ ಅದು ಹಾರ್ಡ್‌ವೇರ್. ಗೂಗಲ್ ತನ್ನ ಸರ್ವರ್‌ಗಳ ಮೇಲೆ ಮಾಡಿದ ಅಧ್ಯಯನ 2009ರಲ್ಲಿ ಬಂತು. ವರ್ಷಕ್ಕೆ ನೂರರಲ್ಲಿ ಸುಮಾರು 8 ರ‍್ಯಾಮ್‌ಗಳಲ್ಲಿ ತಪ್ಪು ಕಂಡಿತ್ತು. ಒಮ್ಮೆ ತಪ್ಪಿದ್ದು ಮತ್ತೆ ತಪ್ಪುವ ಸಾಧ್ಯತೆ ಹಲವು ಪಟ್ಟು ಜಾಸ್ತಿ.

ಈಗ ಎ1ರಲ್ಲಿರುವುದನ್ನು ಬಿ1ಕ್ಕೆ, ಬಿ1ರದ್ದನ್ನು ಎ1ಕ್ಕೆ ಹಾಕಿ. ಎರರ್ ಬಿ1ಕ್ಕೆ ಹೋದರೆ ರ‍್ಯಾಮ್ ಕೆಟ್ಟಿದೆ. ಎ1ರಲ್ಲೇ ಉಳಿದರೆ ಸ್ಲಾಟ್ ಅಥವಾ ಸಾಕೆಟ್. ಎರಡೂ ಕಡೆ ನಿಂತುಹೋದರೆ ಕೂರಿಸಿದ್ದು ಸರಿ ಇರಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನೂ ಒಟ್ಟಿಗೆ ಕಿತ್ತು ಒರೆಸಿ ಹಾಕಿದರೆ ಏನು ಸರಿಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಟರ್ಮಿನಲ್_ಕಪ್ಪು

ಎಕ್ಸ್4 ಬಗ್ಗೆ: ಕೆಳಗಿನ ಸ್ಲಾಟಿನಲ್ಲಿ ಹಾಕಿದ್ದೀರಾ? ಇ3 ಬೋರ್ಡ್‌ಗಳಲ್ಲಿ ನೋಡಲು ಎಕ್ಸ್8 ಇದ್ದು ಒಳಗೆ ಎಕ್ಸ್4 ಮಾತ್ರ ಇರುವ ಸ್ಲಾಟ್ ಮಾಮೂಲು. ಅದು ಚಿಪ್‌ಸೆಟ್‌ನಿಂದ ಬರುತ್ತದೆ, ಪಿಸಿಐ ಎಕ್ಸ್‌ಪ್ರೆಸ್ 2.0 ವೇಗ. ಆದರೂ ಸೆಕೆಂಡಿಗೆ ಸುಮಾರು 2 ಜಿಬಿ ಸಾಗುತ್ತದೆ. ನಿಮ್ಮ ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ 125 ಎಂಬಿ ಮೇಲೆ ಹೋಗುವುದೇ ಇಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬ್ಯಾಡ್ ಟಿಎಲ್‌ಪಿ ಮಾತ್ರ ಬಿಡುವಂಥದ್ದಲ್ಲ. ದಾರಿಯಲ್ಲಿ ಪ್ಯಾಕೆಟ್ ಕೆಡುತ್ತಿದೆ, ಮತ್ತೆ ಕಳಿಸುತ್ತಿದೆ ಅಂತ ಅರ್ಥ.

ಕರಾವಳಿ ರಿಪೇರಿ

ಬ್ರಾಕೆಟ್ ಸ್ಕ್ರೂ ನೋಡಿ. ಟವರ್ ಕೇಸಿನ ತಗಡು ಸ್ವಲ್ಪ ಬಾಗಿದ್ದರೆ, ಸ್ಕ್ರೂ ಬಿಗಿ ಮಾಡಿದ ಹಾಗೆ ಕಾರ್ಡಿನ ಇನ್ನೊಂದು ತುದಿ ಸ್ಲಾಟಿನಿಂದ ಕೂದಲೆಳೆಯಷ್ಟು ಮೇಲೇಳುತ್ತದೆ. ಸ್ಕ್ರೂ ಸಡಿಲ ಮಾಡಿ, ಕಾರ್ಡನ್ನು ಎರಡೂ ತುದಿ ಸಮ ಒತ್ತಿ, ಒತ್ತಿ ಹಿಡಿದೇ ಸ್ಕ್ರೂ ಹಾಕಿ.

ಹೀಟ್‌ಸಿಂಕ್ ಮುಟ್ಟಿ ನೋಡಿದ್ದೀರಾ? ಬೆರಳು ಇಡಲು ಆಗದಿದ್ದರೆ ಫ್ಯಾನ್ ಬೇಕು. ಈ ಕಾರ್ಡ್‌ಗಳನ್ನು ಮಾಡಿರುವುದು ಗಾಳಿ ರಭಸವಾಗಿ ನುಗ್ಗುವ ರ‍್ಯಾಕ್ ಸರ್ವರ್‌ಗೆ. ನಿಮಿಷಕ್ಕೆ 200 ಅಡಿ ವೇಗದ ಗಾಳಿ ಬೇಕು ಅಂತ ಇಂಥ ಕಾರ್ಡ್‌ಗಳ ಕೈಪಿಡಿಯಲ್ಲಿ ಬರೆದಿರುತ್ತಾರೆ. ಟವರ್‌ನಲ್ಲಿ ಆ ಮೂಲೆಗೆ ಗಾಳಿಯೇ ಹೋಗುವುದಿಲ್ಲ. 40 ಮಿಲಿಮೀಟರ್ ಫ್ಯಾನ್ ಒಂದನ್ನು ಹೀಟ್‌ಸಿಂಕ್ ಮೇಲೆ ಕೂರಿಸಿ. ನಿಮ್ಮ ಪೌಡರ್ ಬೇರೆ ಇದೆ, ಮುಂದೆ ಫಿಲ್ಟರ್ ಬಟ್ಟೆ ಹಾಕಿ. ಆದರೆ ಫಿಲ್ಟರ್ ತೊಳೆಯುವವರು ಯಾರು ಅಂತ ಈಗಲೇ ತೀರ್ಮಾನ ಮಾಡಿ.

ಲ್ಯಾಬ್‌ಬಾಗಿಲು

ಅಪ್‌ಡೇಟ್. ಬೈಫರ್ಕೇಶನ್ ಮಾಡಿದೆ, ನಾಲ್ಕೂ ಎಸ್‌ಎಸ್‌ಡಿ ಬಂತು. ರ‍್ಯಾಮ್‌ಗೆ ಸ್ಕ್ರೂ ಸರಿ ಮಾಡಿ ನೋಡಿದೆ, ಆಗಲಿಲ್ಲ. ಪ್ರೊಸೆಸರ್ ತೆಗೆದು ಟಾರ್ಚ್ ಓರೆ ಹಿಡಿದು ನೋಡಿದರೆ ಒಂದು ಮೂಲೆಯಲ್ಲಿ ಒಂದು ಪಿನ್ನಿನ ಹೊಳಪು ಉಳಿದವುಗಳ ಸಾಲಿಗೆ ಸೇರುತ್ತಿಲ್ಲ. ಅದೇ ಸೊಟ್ಟ. ನಾನೇ ನೇರ ಮಾಡಲಾ?

ಕರಾವಳಿ ರಿಪೇರಿ

ಕೈ ನಡುಗದಿದ್ದರೆ, ಸೂಕ್ಷ್ಮದರ್ಶಕ ಇದ್ದರೆ ಮಾಡಿ. ಇಲ್ಲದಿದ್ದರೆ ಬಿಜಿಎ (ಬೋರ್ಡಿನ ಚಿಪ್ ಕಿತ್ತು ಕೂರಿಸುವ) ಕೆಲಸ ಮಾಡುವವರ ಹತ್ತಿರ ಕೊಡಿ. ಮುರಿದರೆ ಬೋರ್ಡೇ ಹೋಗುತ್ತದೆ. ಅವಸರ ಇಲ್ಲ ಅಂದರೆ ಮೂರು ಚಾನೆಲ್‌ನಲ್ಲೇ ಓಡಿಸಿ, ಆರು ರ‍್ಯಾಮ್ ಸಾಲದಾ ಲ್ಯಾಬ್‌ಗೆ?

ಲ್ಯಾಬ್‌ಬಾಗಿಲು

ಸಾಕು. ಸೆಮಿಸ್ಟರ್ ಪರೀಕ್ಷೆ ಮುಗಿಯುವವರೆಗೆ ಮುಟ್ಟುವುದಿಲ್ಲ.

ಬೆಟಗೇರಿ_ಪ್ರೆಸ್

ನನ್ನ ಕಡೆಯ ಸುದ್ದಿ. ಸ್ಕ್ರೂ ಸಡಿಲ ಮಾಡಿ ಕೂರಿಸಿದೆ. ಕರಾವಳಿಯವರು ಹೇಳಿದ ಹಾಗೆಯೇ ಹಿಂದಿನ ತುದಿ ಎದ್ದಿತ್ತು. ಬ್ಯಾಡ್ ಟಿಎಲ್‌ಪಿ ನಿಂತಿತು. ಹೀಟ್‌ಸಿಂಕ್ ಮೇಲೆ ಬೆರಳು ಇಡಲು ಆಗುತ್ತಿರಲಿಲ್ಲ, ಫ್ಯಾನ್ ಹಾಕಿದ ಮೇಲೆ ಬೆಚ್ಚಗಿದೆ ಅಷ್ಟೇ. ರ‍್ಯಾಮ್ ಅದಲು ಬದಲು ಮಾಡಿದೆ. ಎರರ್ ಬಿ1ಕ್ಕೆ ಹೋಯಿತು. ಹಾಗಾದರೆ ಒಂದು ರ‍್ಯಾಮ್ ಮಾತ್ರ ನಿಜವಾಗಿಯೂ ಕೆಟ್ಟಿದೆ, ಅಲ್ವಾ? ಅಂಗಡಿಯಲ್ಲಿ ಸರ್ವರ್ ರ‍್ಯಾಮ್ ಅಗ್ಗಕ್ಕೆ ಸಿಗುತ್ತದೆ ಅಂದರು, ತರಲಾ?

ರ‍್ಯಾಕ್‌ಹಿಂದೆ

ಹೌದು, ಅದೊಂದೇ. ತರುವ ಮೊದಲು ಸ್ಟಿಕ್ಕರ್ ಓದಿ. ಅಗ್ಗಕ್ಕೆ ರಾಶಿಯಾಗಿ ಸಿಗುವುದು ಆರ್‌ಡಿಮ್, ಅಂದರೆ ರಿಜಿಸ್ಟರ್ಡ್ (ನಡುವೆ ರಿಜಿಸ್ಟರ್ ಚಿಪ್ ಇರುವುದು). ದೊಡ್ಡ ಸರ್ವರ್‌ಗಳಿಂದ ಬಿಚ್ಚಿದ್ದು. ಡಿಡಿಆರ್3ಯಲ್ಲಿ ಅದಕ್ಕೂ ನಿಮ್ಮದಕ್ಕೂ ಅದೇ 240 ಪಿನ್, ಸೀಳೂ ಅದೇ ಜಾಗದಲ್ಲಿ. ಸ್ಲಾಟಿಗೆ ಚೆನ್ನಾಗಿ ಕೂರುತ್ತದೆ, ಆದರೆ ಇ3 ಅದರಲ್ಲಿ ಬೂಟ್ ಆಗುವುದೇ ಇಲ್ಲ. ನಿಮಗೆ ಬೇಕಾದ್ದು ಇಸಿಸಿ ಇರುವ ಯುಡಿಮ್, ಅಂದರೆ ರಿಜಿಸ್ಟರ್ ಇಲ್ಲದ್ದು. ಸ್ಟಿಕ್ಕರ್‌ನಲ್ಲಿ ವೇಗದ ಅಂಕಿಯ ಕೊನೆಯಲ್ಲಿ ಆರ್ ಅಕ್ಷರ ಇದ್ದರೆ ಬೇಡ, ಇ ಇದ್ದರೆ ತನ್ನಿ. ಡಿಡಿಆರ್5 ಬಂದ ಮೇಲೆ ಎರಡರ ಸೀಳಿನ ಜಾಗ ಬೇರೆ ಮಾಡಿದ್ದಾರೆ, ಈಗ ತಪ್ಪು ಹಾಕಲು ಆಗುವುದಿಲ್ಲ.

ಸಿಗುವವರೆಗೆ ಕೆಟ್ಟದ್ದನ್ನು ತೆಗೆದು, ಅದರ ಜೋಡಿಯನ್ನೂ ತೆಗೆದು 16 ಜಿಬಿಯಲ್ಲೇ ಓಡಿಸಿ. ಫೈಲ್ ಸರ್ವರ್‌ಗೆ ಅದು ಧಾರಾಳ.

ಎಸ್ಪಿರೋಡ್ ಸುತ್ತಾಟ

ಡಿಡಿಆರ್3 ಇಸಿಸಿ ಯುಡಿಮ್ 8 ಜಿಬಿ ಹುಡುಕುತ್ತೇನೆ ಗುರು. ಸ್ಟಿಕ್ಕರ್ ಫೋಟೊ ಕಳಿಸಿದ ಮೇಲೆಯೇ ದುಡ್ಡು ಹಾಕಿ. ಬಸ್ಸಿಗೆ ಕೊಟ್ಟರೆ ಮರುದಿನ ಬೆಳಿಗ್ಗೆ ಗದಗ.

ಬೆಟಗೇರಿ_ಪ್ರೆಸ್

ಆಯ್ತು ಅಣ್ಣಾ. ಕಳಿಸುವಾಗ ಆ್ಯಂಟಿಸ್ಟ್ಯಾಟಿಕ್ ಕವರ್‌ನಲ್ಲಿ ಹಾಕ್ರಿ. ರಬ್ಬರ್ ಮಾತ್ರ ಹಚ್ಚಬೇಡ್ರಿ.